ಸೆರಗಿಲ್ಲದ ಲಗ್ನಪತ್ರ

ಬನಹಟ್ಟಿಯ ಕಾಶಪ್ಪನಿಗೆ ಐವತ್ತು ದಾಟಿದ ಮೇಲೆ ವಿದ್ಯೆಯ ಹುಚ್ಚು ಹಿಡಿಯಿತು. ಇದರಲ್ಲಿ ಅವನ ತಪ್ಪೇನೂ ಇರಲಿಲ್ಲ. ತಲೆಮಾರುಗಳಿಂದ ಸೀರೆ ನೇಯುತ್ತ ಬಂದ ಮನೆ ಅದು. ದಡಿಗೆ ಯಾವ ಹೂವು, ಸೆರಗಿಗೆ ಯಾವ ಗೆರೆ ಎಂದು ಚೌಕುಳಿ ಕಾಗದದ ಮೇಲೆ ಚುಕ್ಕಿ ಇಟ್ಟು ಬಿಡಿಸಿಕೊಡುವುದರಲ್ಲಿ ಕಾಶಪ್ಪನ ಕೈ ಓಣಿಗೆಲ್ಲ ಗೊತ್ತಿತ್ತು. ಈಗ ಅದನ್ನೆಲ್ಲ ಕಂಪ್ಯೂಟರಿನಲ್ಲಿ ಮಾಡುತ್ತಾರೆಂದು ಸೀರೆ ಸಾಹುಕಾರರೊಬ್ಬರು ಅಂದರು. ಅಂದದ್ದು ಸುಮ್ಮನೆ, ಚಹಾ ಕುಡಿಯುತ್ತ. ಆದರೆ ಕೆಲವರಿಗೆ ಚಹಾ ಅರಗುತ್ತದೆ, ಚಹಾದ ಜೊತೆ ಕೇಳಿದ ಮಾತು ಅರಗುವುದಿಲ್ಲ. ಕಾಶಪ್ಪ ಜಮಖಂಡಿಯ ಬಸ್ಸು ಹತ್ತಿ, ಕೋರ್ಟಿನ ಹತ್ತಿರದ ಕಂಪ್ಯೂಟರ್ ಕ್ಲಾಸಿನಲ್ಲಿ ಡಿಟಿಪಿ ಕೋರ್ಸಿಗೆ ಹೆಸರು ಹಚ್ಚಿ ಬಂದ.

ಕಲಿಸುವವಳು ರಾಧಿಕಾ. ಕಾಶಪ್ಪನ ಮಗಳಿಗಿಂತ ಸಣ್ಣವಳು. ಅವಳು ಅವನಿಗೆ ‘ಕಾಕಾ’ ಅಂದಳು, ಅವನು ಅವಳಿಗೆ ‘ಮೇಡಂ’ ಅಂದ. ಇಷ್ಟು ಇತ್ಯರ್ಥವಾದ ಮೇಲೆ ವಿದ್ಯಾಭ್ಯಾಸ ಶುರುವಾಯಿತು.

“ಕಾಕಾ, ಮೌಸ್ ಒಗೀಬ್ಯಾಡ್ರಿ. ಸಾವಕಾಶ ಜಗ್ಗರಿ.”

“ನಾ ಏನ್ ಮಾಡ್ಲಿ ಮೇಡಂ, ಕೈ ಕೇಳವಲ್ದು. ಹುಡುಗ ಇದ್ದಾಗಿಂದ ಲಾಳಿ ಒಗದ ಕೈ ಇದು.”

ಮೌಸು ಪಳಗುವ ತನಕ ಪರದೆಯ ಮೇಲಿನ ಬಾಣ ಮಗ್ಗದ ಲಾಳಿಯಂತೆ ಈ ದಡದಿಂದ ಆ ದಡಕ್ಕೆ ಹಾರಾಡಿತು. ಪುಟ ಕಟ್ಟುವ ವಿದ್ಯೆ ಮಾತ್ರ ಅವನಿಗೆ ಬೇಗ ತಲೆಗೆ ಹತ್ತಿತು. ಸುತ್ತ ಬಿಡುವ ಅಂಚು ಅಂದರೆ ದಡಿ. ನಡುವಿನದು ಸೀರೆಯ ಒಡಲು. ಅಕ್ಷರ ಸುಮ್ಮನೆ ಹಾಳೆಯ ಮೇಲೆ ಕೂಡುವುದಿಲ್ಲ, ಮೊದಲು ಅದಕ್ಕೊಂದು ಚೌಕಟ್ಟು ಹಾಕಬೇಕು. ಇದೂ ಸರಿಯೇ, ಮಗ್ಗವಿಲ್ಲದೆ ಎಳೆ ನಿಂತೀತು ಹೇಗೆ? ಎಳೆಯರು ಬರೆದುಕೊಂಡು ಉರುಹಚ್ಚುವುದನ್ನು ಕಾಶಪ್ಪ ತಲೆದೂಗಿ ಮುಗಿಸುತ್ತಿದ್ದ. ತನಗೆ ಅರ್ಥವಾಗುತ್ತಿದೆ ಎಂಬ ನಂಬಿಕೆಯೊಂದಿದ್ದರೆ ಮನುಷ್ಯ ಎಷ್ಟು ದೂರ ಬೇಕಾದರೂ ದಾರಿ ತಪ್ಪಬಲ್ಲ.

ಒಂದು ಪಾಠ ಮಾತ್ರ ಅವನಿಗೆ ತಪ್ಪಿತು. ಆ ದಿನ ಅಮಾವಾಸ್ಯೆ. ಅಮಾವಾಸ್ಯೆಗೆ ಮಗ್ಗ ನಿಲ್ಲಿಸುವ ಮನೆಯವನು ಮೌಸು ಮುಟ್ಟುವುದಾದರೂ ಹೇಗೆ? ಕಾಶಪ್ಪ ಮನೆಯಲ್ಲೇ ಉಳಿದು ಹೋಳಿಗೆ ಉಂಡು ಮಲಗಿದ. ಜಮಖಂಡಿಯಲ್ಲಿ ರಾಧಿಕಾ ಅವತ್ತು ಏನು ಕಲಿಸಿದಳು ಎಂಬುದು ಮುಂದೆ ಬೀಳಗಿಯ ತನಕ ಗೊತ್ತಾಗುವುದಿತ್ತು.

ಕೋರ್ಸು ಮುಗಿಯುತ್ತಲೂ ಮನೆಯ ಬಾಗಿಲಿಗೆ ಬೋರ್ಡು ಬಂತು: ‘ಕಾಶಪ್ಪ, ಪುಟ ವಿನ್ಯಾಸಕರು’. ಎದುರು ಮನೆಯ ಸಾತಪ್ಪ ಹಲ್ಲುಜ್ಜುತ್ತ ಬಂದು ಅದನ್ನು ಎರಡು ಸಲ ಓದಿದ.

“ಮಗ್ಗ ಇದ್ದಾಗ ಬೋರ್ಡ್ ಇರಲಿಲ್ಲ. ಈಗ ಬೋರ್ಡ್ ಐತಿ, ಮಗ್ಗ ಎಲ್ಲೈತಿಲೇ?”

“ತಮ್ಮ ನಡಸಾಕತ್ತಾನ.”

“ಅವನ ಬಾಗಲಿಗಿ ಬೋರ್ಡ್ ಇಲ್ಲಲಾ?”

“ಅವಗ ಪುರುಸೊತ್ತಿಲ್ಲ.”

ಅದೇ ಹೊತ್ತಿಗೆ ಮಗಳು ಶ್ರೀದೇವಿಯ ಲಗ್ನ ಮುಧೋಳದ ಸುಭಾಷ್ ಎಂಬ ಹುಡುಗನ ಜೊತೆ ಗಟ್ಟಿಯಾಯಿತು. ಲಗ್ನಪತ್ರ ಬೇಕಾದರೆ ರಬಕವಿಯ ಅಂಗಡಿಯಲ್ಲಿ ಗಣಪತಿ, ಕಳಸ, ಡೋಲಿ ಎಲ್ಲ ಮೊದಲೇ ಅಚ್ಚಾಗಿ ಹೆಸರಿಗಾಗಿ ಕಾದು ಕುಳಿತಿರುತ್ತವೆ. ಕಾಶಪ್ಪ ಅತ್ತ ತಲೆ ಕೂಡ ಹಾಕಲಿಲ್ಲ.

“ನನ್ನ ಮಗಳ ಪತ್ರ ನಾನ ಕಟ್ಟತೇನಿ,” ಎಂದ.

ಹೆಂಡತಿ ಶಿವವ್ವ “ಹೂಂ” ಅಂದಳು. ಮದುವೆಯಾದಾಗಿನಿಂದ ಅವಳು ಗಂಡನ ಎಲ್ಲ ಘೋಷಣೆಗಳಿಗೂ ಇದೇ ‘ಹೂಂ’ ಕೊಡುತ್ತ ಬಂದಿದ್ದಳು. ಅದರಲ್ಲಿ ಒಪ್ಪಿಗೆ ಎಷ್ಟು, ಎಚ್ಚರಿಕೆ ಎಷ್ಟು ಎಂದು ಕಾಶಪ್ಪ ಎಂದೂ ಬಿಡಿಸಿ ನೋಡಿರಲಿಲ್ಲ. ಆ ‘ಹೂಂ’ ಬಿದ್ದರೆ ಮನೆ ನಡೆಯುತ್ತಿತ್ತು, ಅಷ್ಟು ಸಾಕಿತ್ತು. ಈ ಸಲ ಅವಳು ಅದರ ಬೆನ್ನಿಗೆ ಒಂದು ಮಾತು ಸೇರಿಸಿದಳು.

“ಬೀಳಗಿ ಅಣ್ಣನ ಹೆಸರು ನೆಟ್ಟಗ ಕಾಣೂವಂಗ ಇರಲಿ.”

ಇದಕ್ಕೆ ಕಾರಣವಿತ್ತು. ಬೀಳಗಿಯ ಈರಪ್ಪ ಶಿವವ್ವನ ಒಡಹುಟ್ಟಿದ ಅಣ್ಣ, ಶ್ರೀದೇವಿಗೆ ಸೋದರಮಾವ. ಹುಡುಗಿಯನ್ನು ತನ್ನ ಮಗನಿಗೇ ತಂದುಕೊಳ್ಳಬೇಕೆಂದು ಅವನಿಗೆ ಆಸೆ. ಹುಡುಗಿ ಒಲ್ಲೆ ಅಂದಳು. ಈರಪ್ಪ ಹತ್ತು ಜನರ ಮುಂದೆ ದೊಡ್ಡ ಮನಸ್ಸಿನಿಂದ, “ಆಕಿ ಒಲ್ಲೆ ಅಂದಮ್ಯಾಲ ಆತು. ಕೈ ಹಿಡದು ಹಂದರಕ್ಕ ಕರಕೊಂಡ ಬರಾಂವ ಅಂತೂ ನಾನ,” ಎಂದಿದ್ದ. ಹತ್ತು ಜನರ ಹಿಂದೆ ಅವನಿಗೆ ಏನನ್ನಿಸಿತ್ತು ಎಂಬುದು ಅವನ ಹೆಂಡತಿ ಇಂದ್ರವ್ವನಿಗೆ ಗೊತ್ತು, ಮತ್ತು ಅವಳಿಂದ ಶಿವವ್ವನಿಗೆ ಗೊತ್ತು. ತವರಿನ ಬಾಗಿಲು ಈಗ ಎರಡು ಬೆರಳಷ್ಟೇ ತೆರೆದಿದೆ, ಗಾಳಿ ಬೀಸಿದರೂ ಮುಚ್ಚೀತು ಎಂದು ಅವಳಿಗೆ ಭಯ.

ಕಾಶಪ್ಪ ಕ್ಲಾಸಿನ ಕಂಪ್ಯೂಟರಿನಲ್ಲೇ ಪತ್ರ ಕಟ್ಟಲು ಕೂತ. ಸುತ್ತಲೂ ಅಚ್ಚುಕಟ್ಟಾದ ದಡಿ ಬಿಡಿಸಿದ. ನೋಡಿದವರು ಕಾಗದವನ್ನು ಬೆರಳಿನಿಂದ ಸವರಿ ಎಳೆ ಹುಡುಕಬೇಕು, ಅಂಥ ದಡಿ. ಕೆಳಗೆ ಒಂದು ಚೌಕಟ್ಟು ಹಾಕಿ ‘ತಮ್ಮ ಆಗಮನಾಭಿಲಾಷಿಗಳು’ ಎಂದು ಬರೆದು ಹೆಸರುಗಳನ್ನು ಟೈಪು ಹೊಡೆದ. ಮೊದಲು ತಂದೆಯ ಕಡೆಯವರು. ಅವರಲ್ಲೂ ಮೊದಲು ದೊಡ್ಡಪ್ಪನ ಮಗ ಪರಮಾನಂದ, ನಿವೃತ್ತ ಹೆಡ್‌ಮಾಸ್ತರು. ಮನೆತನದ ಯಾವ ಕಾಗದದ ಮೇಲೂ ಅವರ ಹೆಸರಿನ ಮೇಲೆ ದೇವರ ಹೆಸರು ಮಾತ್ರ ಇರಬಹುದಾಗಿತ್ತು. ಅವರೆಲ್ಲ, ಅವರ ಬೆನ್ನಿಗೆ ಎದುರು ಮನೆಯ ಸಾತಪ್ಪನೂ ಆದ ಮೇಲೆ ಶಿವವ್ವನ ತವರಿನವರು, ಈರಪ್ಪನಿಂದ ಶುರುಮಾಡಿ. ಎಲ್ಲರಿಗೂ ಒಂದೇ ಅಳತೆಯ ಅಕ್ಷರ.

ಹೊಡೆದು ಮುಗಿಸಿ ನೋಡಿದರೆ ಚೌಕಟ್ಟಿನ ಕೆಳಮೂಲೆಯಲ್ಲಿ ಒಂದು ಸಣ್ಣ ಕೆಂಪು ಗುರುತು ಮೂಡಿತ್ತು. ಕಾಶಪ್ಪನ ಮೈ ಜುಮ್ಮೆಂದಿತು. ಮಗ್ಗಕ್ಕೆ ಉದ್ದನೆಯ ಹಾಸು ಹೂಡುವಾಗ ಒಂದೊಂದು ಸೀರೆಯ ಅಳತೆ ಮುಗಿಯುವಲ್ಲಿ ಎಳೆಗಳ ಮೇಲೆ ಕೆಂಪು ಬಣ್ಣದ ಗುರುತು ಹಾಕಿರುತ್ತಾರೆ. ನೇಯುತ್ತ ನೇಯುತ್ತ ಅದು ಕಣ್ಣಿಗೆ ಬಿದ್ದರೆ ಸೀರೆ ಮುಗಿಯಿತು, ಅಳತೆ ಸರಿಯಾಗಿದೆ, ಉಸಿರು ಬಿಡಬಹುದು ಎಂದರ್ಥ. ಕಂಪ್ಯೂಟರು ಮಾಡಿದವನು ಯಾರೇ ಇರಲಿ, ಅವನ ಅಜ್ಜ ನೇಕಾರನೇ ಇರಬೇಕು ಎಂದು ಕಾಶಪ್ಪನಿಗೆ ಅನ್ನಿಸಿತು. ಉಸಿರು ಬಿಟ್ಟ. ಪೆನ್‌ಡ್ರೈವ್ ಜೇಬಿಗೆ ಹಾಕಿದ.

ಅಚ್ಚಿಗೆ ಹೋಗುವ ಮುಂಚೆ ಒಂದು ಪ್ರತಿ ತೆಗೆದು ಹಿರಿಯರಿಗೆ ತೋರಿಸಿದ್ದುಂಟು. ಪರಮಾನಂದ ಮಾಸ್ತರು ಕನ್ನಡಕ ಏರಿಸಿ ತಮ್ಮ ಹೆಸರು ಹುಡುಕಿದರು. ಸಿಕ್ಕಿತು. “ಶುದ್ಧ ಐತಿ,” ಎಂದು ಕನ್ನಡಕ ಇಳಿಸಿದರು. ಸಾತಪ್ಪ ತನ್ನ ಹೆಸರನ್ನು ನೋಡಿಕೊಂಡ. ಕಾಶಪ್ಪನ ತಮ್ಮ ತನ್ನದನ್ನು. ಲಗ್ನಪತ್ರವನ್ನು ಪೂರ್ತಿ ಓದುವವರು ಲೋಕದಲ್ಲಿ ಯಾರೂ ಇಲ್ಲ. ಪ್ರತಿಯೊಬ್ಬರೂ ಒಂದೊಂದು ಸಾಲನ್ನು ಓದುತ್ತಾರೆ, ಎಲ್ಲರೂ ಸೇರಿ ಓದಿದಂತಾಗುತ್ತದೆ. ಅವತ್ತು ಅಲ್ಲಿ ಕೂತವರೆಲ್ಲ ತಂದೆಯ ಕಡೆಯವರು.

ಮೊದಲ ಪತ್ರ ದೇವರಿಗೆ, ಎರಡನೆಯದು ಸೋದರಮಾವನಿಗೆ. ನಾಲ್ಕೂ ಮೂಲೆಗೆ ಅರಿಸಿನ ಕುಂಕುಮ ಹಚ್ಚಿಕೊಂಡು ಗಂಡ ಹೆಂಡತಿ ಬೀಳಗಿಗೆ ಹೋದರು. ಇಂದ್ರವ್ವ ನೀರು ಕೊಟ್ಟಳು, ಅವಲಕ್ಕಿ ಕೊಟ್ಟಳು. ಈರಪ್ಪ ಎರಡೂ ಕೈಯಿಂದ ಪತ್ರ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡು ಬಿಚ್ಚಿದ.

“ದಡಿ ಭಾರಿ ಆಗೇತ್ರಿ ಕಾಶಪ್ಪಾರ.”

“ನಾನ ಬಿಡಿಸೇನ್ರಿ ಮಾಮಾ,” ಎಂದ ಕಾಶಪ್ಪ, ಅವಲಕ್ಕಿಯ ಬಾಯಲ್ಲಿ.

ಈರಪ್ಪನ ಬೆರಳು ಹೆಸರುಗಳ ಮೇಲೆ ಇಳಿಯತೊಡಗಿತು. ಪರಮಾನಂದರನ್ನು ದಾಟಿತು. ಕಾಶಪ್ಪನ ತಮ್ಮನನ್ನು ದಾಟಿತು. ಸಾತಪ್ಪನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ದಡಿ ಬಂತು. ಬೆರಳು ಮತ್ತೆ ಮೇಲಕ್ಕೆ ಹೋಗಿ ಮತ್ತೆ ಇಳಿಯಿತು. ಮತ್ತೆ ದಡಿಯೇ ಬಂತು. ಈರಪ್ಪ ಪತ್ರದ ಹಿಂಬದಿ ತಿರುಗಿಸಿ ನೋಡಿದ. ಅಲ್ಲಿ ಬೋಳು ಕಾಗದವಿತ್ತು.

“ಎದುರು ಮನಿ ಸಾತಪ್ಪ ಅದಾನ,” ಎಂದ ಈರಪ್ಪ ನಿಧಾನವಾಗಿ. “ಛಲೋ ಆತು. ಅವನ ಬಿಟ್ಟು ಲಗ್ನ ಹೆಂಗ ಮಾಡಾಕ ಬರತೈತಿ?”

ಶಿವವ್ವ ಪತ್ರ ಕಸಿದುಕೊಂಡು ನೋಡಿದಳು. ಕಾಶಪ್ಪನೂ ಬಗ್ಗಿ ನೋಡಿದ. ಈರಪ್ಪ ಮಾತ್ರವಲ್ಲ, ಅವನ ಕೆಳಗಿನವರೂ ಇಲ್ಲ. ಹೆಂಡತಿಯ ತವರಿನ ಒಬ್ಬನೇ ಒಬ್ಬ ಇಲ್ಲ. ಚೌಕಟ್ಟು ಕತ್ತರಿಸಿದ್ದು ಸರಿಯಾಗಿ ಎರಡು ಮನೆತನ ಕೂಡುವ ಗಂಟಿಗೆ. ಯಂತ್ರಕ್ಕೆ ಆ ಜಾಗ ಹೇಗೆ ಗೊತ್ತಾಯಿತೋ!

“ನಾ ಹೊಡದೇನ್ರಿ ಮಾಮಾ! ದೇವರಾಣಿ ಹೊಡದೇನಿ. ನೀವು ಒಳಗ ಅದೀರಿ,” ಎಂದ ಕಾಶಪ್ಪ. ಅವನು ಜೀವನದಲ್ಲಿ ಆಡಿದ ಅತ್ಯಂತ ಸತ್ಯವಾದ ಮಾತುಗಳಲ್ಲಿ ಅದೊಂದು. “ಕಾಣಂಗಿಲ್ಲ ಅಷ್ಟ!”

ಈರಪ್ಪ ಎದ್ದು ನಿಂತ.

“ಒಳಗ ಅದೇನಿ. ಕಾಣಂಗಿಲ್ಲ. ನನ್ನ ಮಗಗ ಹೆಣ್ಣು ಕೊಡಲಿಲ್ಲ, ಆತು, ನುಂಗಿದೆ. ಈಗ ನನ್ನನ್ನ ಕಾಣದಂಗ ಮಾಡೀರಿ. ಹಂಗಾರ ಲಗ್ನಕ್ಕೂ ಹಂಗ ಬರತೇನಿ, ತಗೋರಿ. ಒಳಗ ಇರತೇನಿ, ಕಾಣಂಗಿಲ್ಲ!”

ವಾಪಸು ಬರುವ ಬಸ್ಸಿನಲ್ಲಿ ಶಿವವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಳು. “ನಾಳೆ ಎಲ್ಲಾ ಸರಿ ಮಾಡತೇನಿ,” ಎಂದ ಕಾಶಪ್ಪ. ‘ಹೂಂ’ ಬರಲಿಲ್ಲ. ಅವನು ಇನ್ನೊಮ್ಮೆ ಹೇಳಿದ. ಬರಲಿಲ್ಲ. ಕಿಟಕಿಯ ಗಾಳಿಯಾಗಲಿ ಬಸ್ಸಿನ ಸಪ್ಪಳವಾಗಲಿ ಅದನ್ನು ನುಂಗಿರಲಿಲ್ಲ. ಅದು ಹುಟ್ಟಿಯೇ ಇರಲಿಲ್ಲ. ಕಾಶಪ್ಪನಿಗೆ ಮೊದಲ ಬಾರಿ ಹೆದರಿಕೆಯಾಯಿತು.

ಅವರು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಯಾರೋ ಪತ್ರದ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ್ದರು. ತವರಿನ ಕಡೆಯವರು ಲೋಕಾಪುರದಿಂದ, ಬಾಗಲಕೋಟೆಯಿಂದ ಫೋನು ಮಾಡಿ, ಲಗ್ನ ಯಾವತ್ತು ಎಂದು ಮಾತ್ರ ಕೇಳಿ ಇಡತೊಡಗಿದರು. ಸಾತಪ್ಪನಿಗೆ ಮಾತ್ರ ಕಾಶಪ್ಪನ ಮೇಲೆ ಗೌರವ ಹೆಚ್ಚಿತು.

“ಏನ ಹಿಕಮತ್ತಲೇ ಕಾಶ್ಯಾ! ಜಗಳಾಡದನ ಹೆಂಡ್ತಿ ಮನಿಯವರ್ನ ಬರೋಬ್ಬರಿ ಕತ್ತರಿಸಿಬಿಟ್ಟೆಲ್ಲ. ನಾ ಇಷ್ಟ ವರ್ಷಾ ಆತು, ನನ್ನ ಕೈಲೆ ಆಗಿಲ್ಲ.”

“ನಾ ಮಾಡಿಲ್ಲೋ, ಅದು ಕಂಪ್ಯೂಟರ್ ಮಾಡಿದ್ದು!”

“ಅದನ್ನ ನಾ ಅನ್ನಾಕತ್ತಿದ್ದು. ನಿನ್ನ ಮ್ಯಾಲ ಏನೂ ಬರಲೇ ಇಲ್ಲ!”

ಪರಮಾನಂದ ಮಾಸ್ತರು ಮಧ್ಯಸ್ಥಿಕೆಗೆ ಮುಂದಾದರು. ಈರಪ್ಪನಿಗೆ ಜಮಖಂಡಿಯ ಕೋರ್ಟಿನಲ್ಲಿ ಹೊಲದ ಗಡಿಯ ತಕರಾರಿನ ತಾರೀಖು ಇತ್ತು, ಕ್ಲಾಸು ಕೋರ್ಟಿಗೆ ಹತ್ತಿರ. ತಾರೀಖು ಮುಂದೆ ಹೋಗಿ ಹೊರಗೆ ಬಂದವನನ್ನು ಮಾಸ್ತರು ಮೆಟ್ಟಿಲಲ್ಲೇ ಹಿಡಿದರು. ಜೊತೆಗೆ ಬಂದಿದ್ದ ಇಂದ್ರವ್ವ ಹಿಂದಿನಿಂದ ನೂಕಿದಳು. ಹೀಗಾಗಿ ಒಂದೇ ದಿನ ಎರಡನೆಯ ಗಡಿ ತಕರಾರಿನ ವಿಚಾರಣೆಗೆ ಈರಪ್ಪ ಹಾಜರಾಗಬೇಕಾಯಿತು. ಕ್ಲಾಸಿನಲ್ಲಿ ಆಗಲೇ ಕಾಶಪ್ಪ ಕಂಪ್ಯೂಟರಿನ ಮುಂದೆ, ಶಿವವ್ವ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು.

ರಾಧಿಕಾ ಫೈಲು ತೆರೆದಳು. ಮೂಲೆಯ ಗುರುತನ್ನು ನೋಡಿ ಹಣೆ ಚಚ್ಚಿಕೊಂಡಳು.

“ಕಾಕಾ, ಕೆಂಪು ಗುರುತು ಬಂದ್ರ ಏನರ್ಥ ಅಂತ ಹೇಳಿದ್ನಲ್ರಿ?”

“ಸೀರಿ ಮುಗೀತು ಅಂತ.”

“ಮುಗೀಲಿಲ್ಲಾ ಅಂತ! ಇನ್ನೂ ಮಂದಿ ಒಳಗ ಉಳದಾರ, ಜಾಗಾ ಸಾಲವಲ್ದು ಅಂತ. ಆವತ್ತ ನೀವು ಎಲ್ಲಿದ್ರಿ?”

ಕಾಶಪ್ಪ ಅಮಾವಾಸ್ಯೆಯ ಹೋಳಿಗೆಯ ಸುದ್ದಿ ತೆಗೆಯದೆ ಪರದೆಯತ್ತ ತಿರುಗಿದ. “ನೋಡ್ರಿ ಮಾಮಾ, ಒಳಗ ಅದೀರಿ ಅಂದಿದ್ನಲ್ಲ,” ಎನ್ನುತ್ತ ಮೌಸು ಹಿಡಿದು ಚೌಕಟ್ಟಿನ ಕೆಳದಂಡೆಯನ್ನು ಜಗ್ಗಿದ. ಆಹಾ, ಬಂದರು! ಮೊದಲು ಈರಪ್ಪ, ಅವನ ಹಿಂದೆ ತಮ್ಮಂದಿರು, ಅವರ ಹಿಂದೆ ಲೋಕಾಪುರದವರು, ಬಸ್ಸಿನಿಂದ ಇಳಿದವರಂತೆ ಒಬ್ಬೊಬ್ಬರಾಗಿ ಬಂದು ನಿಂತರು. ಈರಪ್ಪ ಪರದೆಗೆ ಮೂಗು ತಾಗುವಷ್ಟು ಬಗ್ಗಿ ತನ್ನ ಹೆಸರು ನೋಡಿದ. ಒಂದು ಗಳಿಗೆ ಅವನ ಮುಖ ಮೆತ್ತಗಾಯಿತು. ಆಮೇಲೆ ಕೇಳಿದ:

“ಈ ಗೆರಿ ಏನ್ರಿ? ನಮ್ಮ ತಲಿ ಮ್ಯಾಲ ಐತಲಾ.”

“ಅದು… ಹಾಳಿ ಮುಗದದ್ದು,” ಎಂದಳು ರಾಧಿಕಾ, ಸುಳ್ಳು ಹೇಳಲು ಬಾರದವಳು.

“ಅಂದ್ರ ನಾವು ಹಾಳಿ ಹೊರಗ.”

“ಹೂಂನ್ರಿ.”

“ಮೊದಲ ಒಳಗ ಹಾಕಿ ಬಾಗಲಾ ಹಾಕಿದ್ರಿ. ಈಗ ತಗದು ಅಂಗಳದಾಗ ಕುಂದರಿಸೀರಿ!”

ಮಾಸ್ತರು ಗಂಟಲು ಸರಿಮಾಡಿಕೊಂಡರು. “ಇದಕ್ಕ ಸರಳ ಉಪಾಯ ಐತಿ. ಅಕ್ಷರ ಸಣ್ಣ ಮಾಡಿದ್ರಾತು. ಕೆಳಗಿನಿಂದ ಶುರು ಮಾಡ್ರಿ. ಮ್ಯಾಲಿನವು ಹೆಂಗೂ ಹಿಡಿಸ್ಯಾವ.”

“ಕೆಳಗ ಅಂದ್ರ ನಾವು,” ಎಂದ ಈರಪ್ಪ.

“ಎಲ್ಲಾರ್ದೂ ಸಣ್ಣ ಮಾಡೂಣ್ರಿ,” ಎಂದಳು ರಾಧಿಕಾ.

“ಎಲ್ಲಾರ್ದೂ ಅಂದ್ರ?” ಎಂದರು ಮಾಸ್ತರು.

“ಒಲ್ಲೆ,” ಎಂದ ಕಾಶಪ್ಪ. ಎಲ್ಲರೂ ಅವನತ್ತ ತಿರುಗಿದರು. ಇಲ್ಲಿಯ ತನಕ ಅವನಿಗೆ ಮಾತಾಡುವ ಹಕ್ಕಿದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. “ಒಂದ ಸೀರ್ಯಾಗ ಅರ್ಧಾ ದಟ್ಟ, ಅರ್ಧಾ ತೆಳ್ಳಗ ನೇದ್ರ ಅದು ಮೋಸ. ನಮ್ಮ ಮನ್ಯಾಗ ಅದು ಆಗಿಲ್ಲ. ಶುರು ಎಷ್ಟು ಎಳಿ ಹಿಡದೇವಿ, ಕಡೀತನಾ ಅಷ್ಟ. ಮಂದಿ ಭಾಳ ಆದ್ರಂತ ಮಂದೀನ ತೆಳ್ಳಗ ಮಾಡಾಕ ಬರತೈತೇನ್ರಿ?”

ತತ್ವ ದೊಡ್ಡದು. ಆದರೆ ತತ್ವದಿಂದ ಜಾಗ ಹೆಚ್ಚುವುದಿಲ್ಲ. ಈರಪ್ಪ ಚಪ್ಪಲಿಯ ಕಡೆ ನಡೆದ. ಆಗ ಮೂಲೆಯಲ್ಲಿ ಕೂತಿದ್ದ ಶಿವವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅತ್ತರೆ ಅಣ್ಣನಿಗೆ ಸೋಲು, ಅಳದಿದ್ದರೆ ತನಗೆ. ಕಾಶಪ್ಪ ಅವಳನ್ನು ನೋಡಿದ. ಆಮೇಲೆ ಸೆರಗನ್ನು ನೋಡಿದ. ಅವನೇ ನೇಯ್ದ ಸೀರೆ ಅದು, ಕೆಂಪು ಸೆರಗಿಗೆ ಬಿಳಿಯ ತೆನೆಗಳು. ಒಡಲಿನ ಹಾಸೇ ಬೇರೆ, ಸೆರಗಿನ ಹಾಸೇ ಬೇರೆ. ಒಡಲಿನ ಒಂದೊಂದು ಎಳೆಯ ತುದಿಗೆ ಸೆರಗಿನ ಒಂದೊಂದು ಎಳೆಯನ್ನು ಕೊಂಡಿ ಹಾಕಿ ಜೋಡಿಸಬೇಕು. ಆ ಸೀರೆಗೆ ಕೊಂಡಿ ಹಾಕುವಾಗ ಎದುರಿಗೆ ಕೂತು ಎಳೆ ಹಿಡಿದುಕೊಟ್ಟವಳು ಶಿವವ್ವನೇ.

“ಮೇಡಂ,” ಎಂದ ಕಾಶಪ್ಪ, “ಈ ಹಾಳಿಗಿ ಸೆರಗ ಇಲ್ರಿ.”

“ಏನಂದ್ರಿ?”

“ಬರೇ ಒಡಲಾ ನೇದು ಸೀರಿ ಅಂದೇನಿ. ಇದಕ್ಕ ಇನ್ನೊಂದ ಹಾಳಿ ಜೋಡಸೂದು. ಈ ಚೌಕಟ್ಟಿಂದ ಆ ಚೌಕಟ್ಟಿಗಿ ಕೊಂಡಿ ಹಾಕಾಕ ಬರತೈತೇನ್ರಿ?”

ರಾಧಿಕಾ ಅವನನ್ನೇ ನೋಡಿದಳು. “ಆವತ್ತ ನಾ ಕಲಿಸಿದ್ದ ಅದು ಕಾಕಾ!” ಅವಳು ಪಕ್ಕದಲ್ಲಿ ಹೊಸದೊಂದು ಹಾಳೆ ತೆರೆದು ಚೌಕಟ್ಟು ಹಾಕಿದಳು. “ಈಗ ಆ ಕೆಂಪು ಗುರುತು ಒತ್ತರಿ. ಒತ್ತಿ, ಇಲ್ಲಿ ಬಂದು ಇದನ್ನ ಒತ್ತರಿ.”

ಕಾಶಪ್ಪ ಒತ್ತಿದ. ಬೀಳಗಿಯವರು, ಲೋಕಾಪುರದವರು, ಎಲ್ಲರೂ ಒಂದೇ ಉಸಿರಿಗೆ ಈ ಕಡೆ ಹರಿದುಬಂದು ವಿಶಾಲವಾಗಿ ಕೂತರು. ಅಕ್ಷರ ಅಷ್ಟೇ ದೊಡ್ಡದು, ಒಂದು ಎಳೆ ಕಡಿಮೆಯಿಲ್ಲ. ಕಾಶಪ್ಪ ಅವರ ಸುತ್ತ ಸಾಲುಸಾಲು ತೆನೆ ಬಿಡಿಸಿದ. ಈರಪ್ಪ ಚಪ್ಪಲಿ ಒಂದೇ ಕಾಲಿಗೆ ಹಾಕಿಕೊಂಡು ನಿಂತೇ ನೋಡಿದ.

“ತೆನಿ ಇನ್ನೊಂದ ಸಾಲ ಹಾಕ್ರಿ,” ಎಂದ ಕೊನೆಗೆ.

ಒಡಲು ಆಗಲೇ ಅಚ್ಚಾಗಿತ್ತು. ಸೆರಗು ಬೇರೆಯಾಗಿ ಅಚ್ಚಾಗಿ ಬಂತು. ಎರಡನ್ನೂ ಒಂದೊಂದಾಗಿ ಅಂಟಿಸಿ ಮಡಚಬೇಕು. ಈರಪ್ಪ ಇಂದ್ರವ್ವನನ್ನು ಕರೆದುಕೊಂಡು ಬನಹಟ್ಟಿಗೆ ಬಂದೇಬಿಟ್ಟ. ತನ್ನ ಹೆಸರನ್ನು ಬೇರೆಯವರು ವಾರೆಯಾಗಿ ಅಂಟಿಸಿಯಾರೆಂದು ಅವನಿಗೆ ಚಿಂತೆ. ಹಾಸಿನ ಎಳೆಗಳಿಗೆ ಹಚ್ಚುವ ಗಂಜಿಯನ್ನೇ ಶಿವವ್ವ ಗಟ್ಟಿಯಾಗಿ ಕಾಯಿಸಿಕೊಟ್ಟಳು. ಪಡಸಾಲೆಯ ತುಂಬ ಲಗ್ನಪತ್ರಗಳು ಹರಡಿಕೊಂಡವು. ಕೆಲಸ ಸಾಗಿತು, ನಗೆ ಸಾಗಿತು. ಶಿವವ್ವ ಅಣ್ಣನ ಜೊತೆ ಮಾತಾಡಿದಳು, ಅತ್ತಿಗೆಯ ಜೊತೆ ಮಾತಾಡಿದಳು. ಗಂಡನಿಗೆ ಮಾತ್ರ ‘ಹೂಂ’ ಇನ್ನೂ ಸಿಕ್ಕಿರಲಿಲ್ಲ.

ಪರಮಾನಂದ ಮಾಸ್ತರು ಮೇಲ್ವಿಚಾರಣೆಗೆಂದು ಬಂದು ಕುರ್ಚಿಯಲ್ಲಿ ಕೂತರು. ಕೂತು ಒಂದು ಸಂಗತಿ ಗಮನಿಸಿದರು. ಪತ್ರ ಎತ್ತಿಕೊಂಡವರೆಲ್ಲ ಮೊದಲು ಸೆರಗು ಬಿಚ್ಚುತ್ತಾರೆ. “ಅಬಬಾ” ಅನ್ನುತ್ತಾರೆ. ಅಲ್ಲಿನ ಹೆಸರುಗಳನ್ನು ಗಟ್ಟಿಯಾಗಿ ಓದುತ್ತಾರೆ. ಮಡಚಿ ಇಟ್ಟುಬಿಡುತ್ತಾರೆ. ಒಡಲಿನ ಮೊದಲ ಹೆಸರಿನ ತನಕ ಯಾರೂ ಬರುವುದೇ ಇಲ್ಲ.

“ಕಾಶಪ್ಪಾ,” ಎಂದರು ಮಾಸ್ತರು ತೀರ ಸಹಜವಾಗಿ, “ಹಿರ್ಯಾರು ಕಡೀಕ ಇರೂದೂ ಒಂದು ಪದ್ಧತಿನ. ಆ ಸೆರಗಿನ್ಯಾಗ ಒಂದ ಸಾಲು ಜಾಗಾ ಐತೇನು?”

ಈರಪ್ಪ ತಲೆ ಎತ್ತದೆ ಗಂಜಿ ಸವರುತ್ತ ಹೇಳಿದ: “ತುಂಬೇತ್ರಿ ಸರ್. ಅಕ್ಷರ ಸಣ್ಣ ಮಾಡಿದ್ರ ಹಿಡಿಸೀತು, ನೋಡ್ರಿ.”

ಪಡಸಾಲೆಯೆಲ್ಲ ನಕ್ಕಿತು. ಮಾಸ್ತರೂ ಕೊನೆಗೆ ನಕ್ಕರು. ಇಂದ್ರವ್ವ ನಗುತ್ತ ಬೆರಳಿನ ಗಂಜಿ ಒರೆಸಿಕೊಂಡು ಒಂದು ಪತ್ರ ಪೂರ್ತಿ ಬಿಚ್ಚಿದಳು. ಬೆಳಗಿನಿಂದ ಅಂಟಿಸುತ್ತಿದ್ದವಳು ಓದಿದ್ದು ಆಗಲೇ. ಒಡಲು ಓದಿದಳು, ಸೆರಗು ಓದಿದಳು, ಹಿಂಬದಿ ತಿರುಗಿಸಿದಳು. ಅಂದು ಬೀಳಗಿಯಲ್ಲಿ ಅವಳ ಗಂಡ ತಿರುಗಿಸಿದ ಹಾಗೆಯೇ.

“ಅಲ್ರೀ, ಎಲ್ಲಾರೂ ಅದೀರಿ. ನನ್ನ ಹೆಸರ ಎಲ್ಲೈತಿ?”

ಈರಪ್ಪ ಆಗಿನ್ನೂ ಗೆದ್ದ ಹುರುಪಿನಲ್ಲಿದ್ದ. “ನನ್ನ ಹೆಸರ ಐತಲಾ? ಅದರ ಒಳಗ ನೀ ಅದೀ,” ಎಂದ. “ಕಾಣಂಗಿಲ್ಲ ಅಷ್ಟ.”

ಮಾತು ಬಾಯಿಯಿಂದ ಹೊರಬಿದ್ದು ಪಡಸಾಲೆಯ ನಡುವೆ ಬಂದು ಕೂತಿತು. ಅದನ್ನು ಎಲ್ಲರೂ ಗುರುತು ಹಿಡಿದರು. ಎಲ್ಲರಿಗಿಂತ ತಡವಾಗಿ ಹಿಡಿದವನು ಈರಪ್ಪ. ಅವನ ಕೈಯ ಬ್ರಶ್ಶು ನಿಂತಿತು. ಇಂದ್ರವ್ವ ಪತ್ರವನ್ನು ಮಡಚಿ ಅಟ್ಟಿಯ ಮೇಲೆ ಇಟ್ಟಳು, ಗಂಜಿಯ ಬೋಗುಣಿಯನ್ನು ಗಂಡನ ಕಡೆ ಸರಿಸಿದಳು, ಕೈ ತೊಳೆಯಲು ಎದ್ದಳು.

ಕಾಶಪ್ಪನೂ ಎದ್ದ. ಜೇಬಿನಿಂದ ಫೋನು ತೆಗೆದ.

“ಮೇಡಂ, ಸೆರಗಿಗಿ ಕುಚ್ಚು ಕಟ್ಟೂದು ಮರತೇವ್ರಿ. ಉದ್ದಾನ ಸಣ್ಣ ಪಟ್ಟಿ, ಒಂದಕ್ಕ ಒಂದ ಹೆಸರು, ತುದೀಗಿ ತೂಗೂವಂಗ. ನಮ್ಮ ಕಡಿ ಹೆಣ್ಣಮಕ್ಕಳು, ಬೀಳಗಿ ಕಡಿ ಹೆಣ್ಣಮಕ್ಕಳು, ಎಲ್ಲಾರೂ. ಇಂದ್ರವ್ವನಿಂದ ಶುರು.”

“ಕುಚ್ಚೇನ್ರಿ ಕಾಕಾ? ಫೈಲ್ ಮುಗಿಸಿ ಬಂದ್ ಮಾಡೇವಲ್ಲ.”

“ಇಲ್ರಿ, ಕೆಂಪು ಗುರುತು ಇನ್ನೂ ಐತಿ.”

“ನಾನ ನೋಡೇನಿ. ಫೈಲಿನ್ಯಾಗ ಎಲ್ಲೂ ಇಲ್ಲ.”

“ಫೈಲಿನ್ಯಾಗ ಅಲ್ರಿ ಮೇಡಂ,” ಎಂದ ಕಾಶಪ್ಪ. “ಮನ್ಯಾಗ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಿವವ್ವ, “ಹೂಂ,” ಅಂದಳು.